ನೈಟ್ಸ್ ಆಫ್ ಕೊಲಂಬಸ್: ನೆಲಮಾಳಿಗೆಯ ಸಭೆ, ತಲೆಗೊಂದು ಡಾಲರ್ ಲೆಕ್ಕ, ಇಂದಿನ ಕೌನ್ಸಿಲ್ ಕೆಲಸ

1. ಕುಲಶೇಖರ ಓದುಗ

ನೈಟ್ಸ್ ಆಫ್ ಕೊಲಂಬಸ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಗರಿ ಟೋಪಿ ಹಾಕಿ, ಕತ್ತಿ ಹಿಡಿದು ಬಿಷಪರ ಮುಂದೆ ಸಾಲಾಗಿ ನಿಂತ ಗಂಡಸರ ಫೋಟೊ. ಅದನ್ನು ನೋಡಿದವರು ಒಂದೋ ಇದು ಹಳೆಯ ಕ್ರುಸೇಡಿನ ಪಂಥ ಅಂದುಕೊಳ್ಳುತ್ತಾರೆ, ಇಲ್ಲ ಗುಪ್ತ ಸಂಘ ಅಂದುಕೊಳ್ಳುತ್ತಾರೆ. ಎರಡೂ ತಪ್ಪು. 1882ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ದುಡಿಯುವ ಗಂಡ ಸತ್ತ ಮನೆಗೆ ಹಣ ಮುಟ್ಟಿಸಲು ಹುಟ್ಟಿದ ಪರಸ್ಪರ ನೆರವಿನ ಸಂಘ ಇದು. ಈಗ 20 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ.

ತಿಳಿದವರು ನಾಲ್ಕು ವಿಷಯ ಬಿಡಿಸಿ ಹೇಳಿ. ಮೊದಲೇ ಇದ್ದ ಸಂಘಗಳಿಗೆ ಸೇರದೆ ಹೊಸದೇ ಯಾಕೆ ಬೇಕಾಯಿತು? ಆ ಕಾಲದ ವಿಮೆಯ ಲೆಕ್ಕ ಹೇಗಿತ್ತು? ರಹಸ್ಯ ಅಂದರೆ ಎಷ್ಟರ ಮಟ್ಟಿಗೆ? ಒಂದು ಕೌನ್ಸಿಲ್, ಅಂದರೆ ಸಂಘದ ಸ್ಥಳೀಯ ಶಾಖೆ, ಇವತ್ತು ದಿನನಿತ್ಯ ಹೇಗೆ ನಡೆಯುತ್ತದೆ?

2. ನ್ಯೂಹೇವನ್ ಟಿಪ್ಪಣಿ

ಊರಿನಿಂದಲೇ ಶುರು ಮಾಡುತ್ತೇನೆ. ನ್ಯೂ ಹೇವನ್ ಬಂದರು ಪಟ್ಟಣ, ಯೇಲ್ ವಿಶ್ವವಿದ್ಯಾಲಯದ ಊರು. ಅಲ್ಲಿನ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಐರಿಶ್ ವಲಸಿಗರು, ಕಾರ್ಖಾನೆಯಲ್ಲೋ ರೈಲ್ವೆಯಲ್ಲೋ ದುಡಿಯುವವರು. ಹಿಲ್‌ಹೌಸ್ ಅವೆನ್ಯೂ ಎಂಬ ಸಿರಿವಂತರ ಬೀದಿಯಲ್ಲಿ 1874ರಲ್ಲಿ ಸೇಂಟ್ ಮೇರಿ ಚರ್ಚು ಎದ್ದು ನಿಂತದ್ದು ಹಲವರಿಗೆ ಹಿಡಿಸಲಿಲ್ಲ. 1879ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ರೋಮನ್ ಚರ್ಚಿನಿಂದ ಕುಲೀನರ ಬೀದಿಯ ಅಂದ ಕೆಟ್ಟಿತು ಎಂಬರ್ಥದ ತಲೆಬರಹವನ್ನೇ ಹಾಕಿತ್ತು. ಚರ್ಚಿನ ಮೇಲೆ ಸಾಲವೂ ಇತ್ತು.

1877ರ ಕೊನೆಗೆ ಆ ಚರ್ಚಿಗೆ ಸಹಾಯಕ ಗುರುವಾಗಿ ನೇಮಕಗೊಂಡವರು ಫಾದರ್ ಮೈಕಲ್ ಮೆಕ್‌ಗಿವ್ನಿ. ಹುಟ್ಟಿದ್ದು 1852ರ ಆಗಸ್ಟ್ 12ರಂದು, ವಾಟರ್‌ಬರಿಯಲ್ಲಿ. 13 ಮಕ್ಕಳಲ್ಲಿ ಹಿರಿಯವರು. ಅವರಲ್ಲಿ ಆರು ಮಂದಿ ಎಳವೆಯಲ್ಲೇ ತೀರಿಕೊಂಡರು. ತಂದೆ ಕಾರ್ಖಾನೆಯಲ್ಲಿ ಎರಕದ ಕೆಲಸಗಾರ. ಮೈಕಲ್ ಕೂಡ 13ನೇ ವಯಸ್ಸಿಗೆ ಶಾಲೆ ಮುಗಿಸಿ ಹಿತ್ತಾಳೆ ಕಾರ್ಖಾನೆಯ ಚಮಚ ವಿಭಾಗಕ್ಕೆ ಸೇರಿದರು. ಆಮೇಲೆ ಕ್ವಿಬೆಕ್, ನಯಾಗರಾ, ಮಾಂಟ್ರಿಯಲ್‌ಗಳಲ್ಲಿ ಗುರುಮಠದ, ಅಂದರೆ ಪಾದ್ರಿಯಾಗುವ, ಓದು. 1873ರಲ್ಲಿ ತಂದೆ ತೀರಿಹೋದಾಗ ಓದು ಬಿಟ್ಟು ಮನೆಗೆ ಬರಬೇಕಾಯಿತು. ಧರ್ಮಪ್ರಾಂತ್ಯ ಖರ್ಚು ಹೊತ್ತ ಮೇಲೆ ಬಾಲ್ಟಿಮೋರಿನ ಗುರುಮಠಕ್ಕೆ ಹೋಗಿ, 1877ರ ಡಿಸೆಂಬರ್ 22ರಂದು ಮಹಾಧರ್ಮಾಧ್ಯಕ್ಷ ಜೇಮ್ಸ್ ಗಿಬ್ಬನ್ಸ್ ಅವರಿಂದ ಗುರುದೀಕ್ಷೆ ಪಡೆದರು. ದುಡಿಯುವ ಕೈ ಇಲ್ಲವಾದ ಮನೆ ಹೇಗಿರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠ ಆಗಿರಲಿಲ್ಲ.

ಇಲ್ಲಿ ಕಾನೂನಿನ ಒಂದು ಅಂಶ ಮುಖ್ಯ. ಮನೆಯ ಯಜಮಾನ ಸತ್ತರೆ, ಮಕ್ಕಳನ್ನು ಸಾಕುವ ಶಕ್ತಿ ತಮಗಿದೆ ಎಂದು ಕುಟುಂಬ ನ್ಯಾಯಾಲಯಕ್ಕೆ ತೋರಿಸಬೇಕಿತ್ತು. ಆಗದಿದ್ದರೆ ಮಕ್ಕಳು ಸರ್ಕಾರಿ ಆಶ್ರಯಕ್ಕೆ. 1882ರಲ್ಲಿ ಡೌನ್ಸ್ ಎಂಬ ಕುಟುಂಬದ ಹದಿಹರೆಯದ ಮಗ ಆಲ್ಫ್ರೆಡ್‌ಗೆ ಮೆಕ್‌ಗಿವ್ನಿ ತಾವೇ ಕಾನೂನುಬದ್ಧ ಪೋಷಕರಾಗಿ ನಿಂತರು. ಆದರೆ ಒಬ್ಬ ಗುರು ಎಷ್ಟು ಮನೆಗೆ ಜಾಮೀನು ನಿಲ್ಲಲು ಸಾಧ್ಯ?

ಇದಕ್ಕೊಂದು ದಾರಿ ಹುಡುಕಲು ಅವರು ಕರೆದ ಸಭೆಯ ದಿನಾಂಕ 1881ರ ಅಕ್ಟೋಬರ್ 2. ಜಾಗ ಚರ್ಚಿನ ನೆಲಮಾಳಿಗೆ. ಬಂದವರು ಸುಮಾರು 80 ಗಂಡಸರು. ಮೆಕ್‌ಗಿವ್ನಿ ಮೊದಲಿಗೆ ಹೊಸ ಸಂಘದ ಹಟ ಹಿಡಿದಿರಲಿಲ್ಲ. ಬಾಸ್ಟನ್‌ಗೆ ಹೋಗಿ ಕ್ಯಾಥೊಲಿಕ್ ಆರ್ಡರ್ ಆಫ್ ಫಾರೆಸ್ಟರ್ಸ್‌ನವರನ್ನು ಕಂಡರು, ಬ್ರೂಕ್ಲಿನ್‌ಗೆ ಹೋಗಿ ಕ್ಯಾಥೊಲಿಕ್ ಬೆನೆವೊಲೆಂಟ್ ಲೀಜನ್ ನೋಡಿದರು. ಫಾರೆಸ್ಟರ್ಸ್‌ನವರ ಸನ್ನದು ಮ್ಯಾಸಚೂಸೆಟ್ಸ್ ರಾಜ್ಯಕ್ಕಷ್ಟೇ ಸೀಮಿತ, ಕನೆಕ್ಟಿಕಟ್‌ನಲ್ಲಿ ಶಾಖೆ ತೆರೆಯುವಂತಿಲ್ಲ. ಹಾಗಾಗಿ ಸ್ವಂತ ಸಂಘ. 1882ರ ಫೆಬ್ರವರಿ ಆರಂಭದಲ್ಲಿ ಹೆಸರು ತೀರ್ಮಾನವಾಯಿತು. ಮಾರ್ಚ್ 29ರಂದು ಕನೆಕ್ಟಿಕಟ್ ಶಾಸನಸಭೆಯ ಸನ್ನದು ಸಿಕ್ಕಿತು. ಇಂದಿಗೂ ಸ್ಥಾಪನಾ ದಿನ ಆಚರಿಸುವುದು ಮಾರ್ಚ್ 29ಕ್ಕೇ.

3. ಸೇಂಟ್ ಮೇರಿ ಗಂಟೆ

ಮೇಲಿನದಕ್ಕೆ ಎರಡು ಸೇರ್ಪಡೆ.

ಮೊದಲ ಸುಪ್ರೀಂ ನೈಟ್, ಅಂದರೆ ಇಡೀ ಸಂಘದ ಮುಖ್ಯಸ್ಥ, ಮೆಕ್‌ಗಿವ್ನಿ ಅಲ್ಲ. ಈ ತಪ್ಪು ಕನ್ನಡ ಬರಹಗಳಲ್ಲಿ ಮಾತ್ರವಲ್ಲ, ಇಂಗ್ಲಿಷಿನಲ್ಲೂ ಆಗಾಗ ನುಸುಳುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿ ಬಂದಿದ್ದ ಜೇಮ್ಸ್ ಮುಲ್ಲನ್ 1882ರಿಂದ 1886ರವರೆಗೆ ಆ ಹುದ್ದೆಯಲ್ಲಿದ್ದರು. ಸಂಘ ಗೃಹಸ್ಥರ ಕೈಯಲ್ಲಿರಬೇಕು ಎಂದು ಮೆಕ್‌ಗಿವ್ನಿ ಮೊದಲಿಗೆ ಕಾರ್ಯದರ್ಶಿ ಕೆಲಸ ಮಾತ್ರ ವಹಿಸಿಕೊಂಡರು. 1884ರಲ್ಲಿ ಅದನ್ನೂ ಬಿಟ್ಟುಕೊಟ್ಟು ಆತ್ಮಿಕ ಮಾರ್ಗದರ್ಶಿ, ಅಂದರೆ ಸುಪ್ರೀಂ ಚಾಪ್ಲಿನ್ ಆದರು. ಅದೇ ವರ್ಷದ ನವೆಂಬರಿನಲ್ಲಿ ಥಾಮಸ್ಟನ್ ಎಂಬ ಚಿಕ್ಕ ಊರಿನ ವಿಚಾರಣಾ ಗುರುವಾಗಿ ವರ್ಗವಾಯಿತು. 1890ರ ಆಗಸ್ಟ್ 14ರಂದು ತೀರಿಕೊಂಡಾಗ ಅವರಿಗೆ ಬರೀ 38 ವರ್ಷ. ಸನ್ನದಿನಲ್ಲಿ ಇನ್ನೂ ಇದ್ದವರು ವೈದ್ಯ ಮ್ಯಾಥ್ಯೂ ಓ’ಕಾನರ್, ವಕೀಲ ಕಾರ್ನೆಲಿಯಸ್ ಡ್ರಿಸ್ಕಾಲ್ ಮುಂತಾದವರು. ವಿಮೆ ಕೊಡುವ ಸಂಘಕ್ಕೆ ವೈದ್ಯ ಬೇಕೇ ಬೇಕು: ಸೇರುವವನ ಆರೋಗ್ಯ ನೋಡದೆ ಸೇರಿಸಿಕೊಂಡರೆ ಖಾಯಿಲೆ ಬಿದ್ದವರೇ ಓಡಿ ಬರುತ್ತಾರೆ.

ಹೆಸರಿನ ವಿಚಾರ. ಮೆಕ್‌ಗಿವ್ನಿ ಸೂಚಿಸಿದ್ದು ‘ಕೊಲಂಬಸ್‌ನ ಪುತ್ರರು’ ಎಂಬರ್ಥದ ಹೆಸರು. ‘ನೈಟ್ಸ್’ ಎಂದು ಮಾಡಿಸಿದವರು ಮುಲ್ಲನ್. ದೀಕ್ಷಾವಿಧಿಗೆ ಅದು ಒಪ್ಪುತ್ತದೆ ಎಂಬುದು ಅವರ ವಾದ. 1883ರ ಲಾಂಛನವೂ ಮುಲ್ಲನ್ ಅವರದೇ ಕಲ್ಪನೆ: ಶಿಲುಬೆಯ ಮೇಲೆ ಗುರಾಣಿ, ಅದರಲ್ಲಿ ಕೋಲುಗಳ ಕಟ್ಟು, ಲಂಗರು, ಗಿಡ್ಡ ಕತ್ತಿ. ಕೊಲಂಬಸ್ ಹೆಸರೇ ಯಾಕೆ ಅಂದರೆ, ‘ಕ್ಯಾಥೊಲಿಕರು ನಿಜವಾದ ಅಮೆರಿಕನ್ನರಲ್ಲ’ ಎಂದು ಹೀಗಳೆಯುತ್ತಿದ್ದ ಕಾಲದಲ್ಲಿ ಎಲ್ಲರೂ ಗೌರವಿಸುವ ಒಬ್ಬ ಕ್ಯಾಥೊಲಿಕ್ ಬೇಕಿತ್ತು. ಮೂಲನಿವಾಸಿಗಳ ಮೇಲಾದ ದೌರ್ಜನ್ಯದ ಕಾರಣಕ್ಕೆ ಆ ಹೆಸರು ಇಂದು ಎಷ್ಟು ವಿವಾದದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ 1882ರ ಐರಿಶ್ ಕೂಲಿಗಾರನಿಗೆ ಆ ಹೆಸರು ‘ನಾವೂ ಈ ನೆಲದವರೇ’ ಎಂದು ಹೇಳುವ ದಾರಿಯಾಗಿತ್ತು. ಎರಡನ್ನೂ ಒಟ್ಟಿಗೆ ಹೇಳಿದರೇ ಸರಿ.

4. ಲೆಕ್ಕದ ಕಡತ

ಎರಡನೇ ಪ್ರಶ್ನೆಗೆ ಬರೋಣ. ನಮ್ಮ ‘ಮುಯ್ಯಿ’ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಿಮ್ಮ ಮನೆಯ ಕಾರ್ಯಕ್ಕೆ ನಾವು, ನಮ್ಮ ಮನೆಯ ಕಾರ್ಯಕ್ಕೆ ನೀವು. ಅದನ್ನೇ ಕಾಗದದ ಮೇಲೆ, ಮೊತ್ತ ನಿಗದಿ ಮಾಡಿ ಇಟ್ಟರು.

ಒಬ್ಬ ಸದಸ್ಯ ತೀರಿಕೊಂಡರೆ ಉಳಿದ ಪ್ರತಿಯೊಬ್ಬನಿಂದ 1 ಡಾಲರ್ ವಸೂಲಿ. ವಿಧವೆಗೆ ಮುಟ್ಟಿಸಬೇಕಾದ ಮೊತ್ತ 1,000 ಡಾಲರ್. ಸದಸ್ಯರ ಸಂಖ್ಯೆ 1,000 ದಾಟಿದ ಮೇಲೆ ತಲಾ ವಂತಿಗೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 2,000 ಜನ ಇದ್ದರೆ ತಲೆಗೆ 50 ಸೆಂಟ್. ಕೂಲಿಗಾರನಿಗೆ ಆಗ 1 ಡಾಲರ್ ಅಂದರೆ ಹೆಚ್ಚುಕಡಿಮೆ ಒಂದು ದಿನದ ದುಡಿಮೆ. 1,000 ಡಾಲರ್ ಅಂದರೆ ಕೆಲವು ವರ್ಷಗಳ ಸಂಪಾದನೆ.

ಇದರ ಜೊತೆಗೆ ಖಾಯಿಲೆ ನಿಧಿ. ಕೆಲಸಕ್ಕೆ ಹೋಗಲಾರದೆ ಮಲಗಿದ ಸದಸ್ಯನಿಗೆ ವಾರಕ್ಕೆ 5 ಡಾಲರ್‌ವರೆಗೆ, 13 ವಾರಗಳ ತನಕ. ಅಂದರೆ ಒಟ್ಟು ಹೆಚ್ಚೆಂದರೆ 65 ಡಾಲರ್. ಆಮೇಲೂ ಏಳದಿದ್ದರೆ ಎಷ್ಟು ಕೊಡಬೇಕೆಂದು ಅವನ ಕೌನ್ಸಿಲ್ ತೀರ್ಮಾನಿಸುತ್ತಿತ್ತು. ನನ್ನ ಮಟ್ಟಿಗೆ ಈ ಕೊನೆಯ ಷರತ್ತು ಬಹಳ ಜಾಣತನದ್ದು. ಒಬ್ಬ ನಿಜವಾಗಿ ಹಾಸಿಗೆ ಹಿಡಿದಿದ್ದಾನೋ ಇಲ್ಲವೋ ಎಂಬುದು ನೆರೆಹೊರೆಯ ಕೌನ್ಸಿಲಿಗೆ ಗೊತ್ತಿರುತ್ತದೆ, ದೂರದ ಕಚೇರಿಗಲ್ಲ.

ಆದರೆ ಈ ಪದ್ಧತಿಯ ಒಳಗೇ ಒಂದು ದೋಷ ಅಡಗಿತ್ತು: ವಯಸ್ಸು ಎಷ್ಟೇ ಇರಲಿ, ಎಲ್ಲರಿಗೂ ಒಂದೇ ವಂತಿಗೆ. ಉದಾಹರಣೆಗೆ 1,000 ಜನರ ಗುಂಪಿನಲ್ಲಿ ವರ್ಷಕ್ಕೆ 10 ಸಾವು ಅಂತಿಟ್ಟುಕೊಳ್ಳಿ. ತಲೆಗೆ ವರ್ಷಕ್ಕೆ 10 ಡಾಲರ್. 20ಕ್ಕೆ ಸೇರಿ 60ಕ್ಕೆ ತೀರಿಕೊಂಡವನು ಕಟ್ಟಿದ್ದು 400. 45ಕ್ಕೆ ಸೇರಿ 60ಕ್ಕೆ ತೀರಿಕೊಂಡವನು ಕಟ್ಟಿದ್ದು 150. ಇಬ್ಬರ ಮನೆಗೂ ಸಿಗುವುದು ಅದೇ 1,000. ಇದು ಅರ್ಥವಾದ ಹುಡುಗರು ಸೇರುವುದಿಲ್ಲ ಅಥವಾ ಬಿಟ್ಟು ಹೋಗುತ್ತಾರೆ. ಹುಡುಗರು ಕಡಿಮೆಯಾದರೆ ಗುಂಪಿನ ಸರಾಸರಿ ವಯಸ್ಸು ಏರುತ್ತದೆ, ಸಾವು ಹೆಚ್ಚುತ್ತದೆ, ವಸೂಲಿ ಪದೇ ಪದೇ ಬರುತ್ತದೆ, ಇನ್ನಷ್ಟು ಜನ ಬಿಡುತ್ತಾರೆ. ಸಾಂಕ್ರಾಮಿಕ ಬಂದ ವರ್ಷವಂತೂ ಕೇಳುವುದೇ ಬೇಡ. 19ನೇ ಶತಮಾನದ ಎಷ್ಟೋ ಇಂಥ ಸಂಘಗಳು ಮುಳುಗಿದ್ದು ಈ ಸುಳಿಯಲ್ಲೇ.

ನೈಟ್ಸ್ ಬಚಾವಾಗಲು ಎರಡು ಕಾರಣ. ಒಂದು, ಕಾಲಕ್ರಮದಲ್ಲಿ ವಯಸ್ಸಿಗೆ ತಕ್ಕ ಕಂತು ಮತ್ತು ಮೀಸಲು ನಿಧಿಯ ಪದ್ಧತಿಗೆ ಹೊರಳಿದರು. ಸತ್ತ ಮೇಲೆ ವಸೂಲಿ ಮಾಡುವುದು ನಿಂತು, ಮೊದಲೇ ಕಟ್ಟಿ ಕೂಡಿಡುವುದು ಬಂತು. ಎರಡು, 1890ರ ದಶಕದಲ್ಲಿ ವಿಮೆ ಬೇಡದವರಿಗೂ ಸದಸ್ಯತ್ವ ತೆರೆದರು. ಇದರಿಂದ ಸಂಘದ ಬೆಳವಣಿಗೆ ವಿಮೆಯ ಲೆಕ್ಕದಿಂದ ಬಿಡಿಸಿಕೊಂಡಿತು. ಇಂದಿಗೂ ಸದಸ್ಯನಾಗಲು ಪಾಲಿಸಿ ಕೊಳ್ಳಬೇಕೆಂದಿಲ್ಲ.

5. ಬಜ್ಪೆ ಬೆಳಗು

ಲೆಕ್ಕ ಚೆನ್ನಾಗಿ ಬಿಡಿಸಿದ್ದೀರಿ ಸರ್. ಆದರೆ ಬರೀ ವಿಮೆಯೇ ಆಗಿದ್ದರೆ ದೀಕ್ಷೆ, ಗುಟ್ಟು, ಕತ್ತಿ ಯಾಕೆ? ಚರ್ಚು ಗುಪ್ತ ಸಂಘಗಳನ್ನು ನಿಷೇಧಿಸಿತ್ತಲ್ಲ?

6. ಸೇಂಟ್ ಮೇರಿ ಗಂಟೆ

ನಿಷೇಧಿಸಿದ್ದಕ್ಕೇ ಇದು ಬೇಕಾಯಿತು. ಫ್ರೀಮೇಸನ್, ಆಡ್‌ಫೆಲೋಸ್ ಮುಂತಾದ ಸಂಘಗಳು ಆ ಕಾಲದ ಅಮೆರಿಕದಲ್ಲಿ ಗಂಡಸರಿಗೆ ಒಡನಾಟ, ಮಾನ, ವಿಮೆ ಮೂರನ್ನೂ ಕೊಡುತ್ತಿದ್ದವು. ಕ್ಯಾಥೊಲಿಕರು ಮೇಸನ್ ಸೇರುವಂತಿರಲಿಲ್ಲ; 1884ರಲ್ಲಿ ಪೋಪ್ 13ನೇ ಲಿಯೋ ಅದನ್ನು ಮತ್ತೆ ಖಡಾಖಂಡಿತವಾಗಿ ಹೇಳಿದರು. 1882ರಲ್ಲಿ ಮೆಕ್‌ಗಿವ್ನಿ ಹಾರ್ಟ್‌ಫರ್ಡ್ ಧರ್ಮಪ್ರಾಂತ್ಯದ ಗುರುಗಳಿಗೆ ಬರೆದ ಪತ್ರದಲ್ಲಿ ಮೊದಲ ಉದ್ದೇಶವೇ ಇದು: ನಮ್ಮ ಜನ ಗುಪ್ತ ಸಂಘಗಳಿಗೆ ಹೋಗದಂತೆ, ಅಲ್ಲಿ ಸಿಗುವಷ್ಟೇ ಅಥವಾ ಅದಕ್ಕಿಂತ ಮೇಲಾದ ಅನುಕೂಲ ಇಲ್ಲೇ ಕೊಡುವುದು. ಖಾಯಿಲೆಗೆ ನೆರವು, ಮರ್ಯಾದೆಯ ಶವಸಂಸ್ಕಾರ, ಕುಟುಂಬಕ್ಕೆ ಹಣ, ಇವು ಅದರ ನಂತರ ಬರುತ್ತವೆ.

ವ್ಯತ್ಯಾಸ ಇಲ್ಲಿದೆ. ನೈಟ್ಸ್‌ನ ದೀಕ್ಷಾವಿಧಿ ಹೊರಗಿನವರಿಗೆ ಮುಚ್ಚಿತ್ತು, ಚರ್ಚಿನ ಅಧಿಕಾರಿಗಳಿಗೆ ಮುಚ್ಚಿರಲಿಲ್ಲ. ಪ್ರಾಣಭಯದ ಆಣೆ-ಪ್ರಮಾಣ ಇರಲಿಲ್ಲ. ಆದರೂ ವಿರೋಧಿಗಳು ರಕ್ತಪಾತದ ಮಾತಿರುವ ಒಂದು ಖೊಟ್ಟಿ ಪ್ರಮಾಣವಚನ ಸೃಷ್ಟಿಸಿ ಹಂಚಿದರು. ಒಂದು ಚುನಾವಣಾ ತಕರಾರಿನ ಸಂದರ್ಭದಲ್ಲಿ ಅದು 1913ರಲ್ಲಿ ಅಮೆರಿಕದ ಸಂಸತ್ತಿನ ಕಡತಕ್ಕೂ ಸೇರಿತು. ಕಡತದಲ್ಲಿದೆ ಎಂಬುದನ್ನೇ ಪುರಾವೆ ಎಂದು ತೋರಿಸುತ್ತಾ ಆಮೇಲೆ ಎಷ್ಟೋ ವರ್ಷ ಅದನ್ನು ಹರಡಿದರು. ಇಂದಿಗೂ ಆ ಪಠ್ಯ ಅಲ್ಲಲ್ಲಿ ಕಾಣುತ್ತದೆ; ಅದು ಸುಳ್ಳು.

ಹಂತಗಳು ಹೀಗೆ: ಮೊದಲನೆಯದು ದಾನ, ಎರಡನೆಯದು ಏಕತೆ, ಮೂರನೆಯದು ಭ್ರಾತೃತ್ವ. ನಾಲ್ಕನೆಯದಾದ ದೇಶಭಕ್ತಿ ಸೇರಿದ್ದು 1900ರ ಫೆಬ್ರವರಿ 22ರಂದು, ನ್ಯೂಯಾರ್ಕ್‌ನಲ್ಲಿ. ಕತ್ತಿ ಹಿಡಿಯುವವರು ಈ ನಾಲ್ಕನೇ ಹಂತದವರು. 2017ರಲ್ಲಿ ಗರಿ ಟೋಪಿ-ಮೇಲಂಗಿ ತೆಗೆದು ಬೆರೆ ಟೋಪಿ, ಕೋಟು ತಂದರು.

ಮೊದಲು ಮೂರು ಹಂತಗಳು ಬೇರೆ ಬೇರೆ ದಿನ, ಬೇರೆ ಬೇರೆ ತಂಡದಿಂದ ನಡೆಯುತ್ತಿದ್ದವು. ಪರಿಣಾಮ ಏನಾಯಿತೆಂದರೆ, ಮೊದಲ ಹಂತ ಮುಗಿಸಿದ ಬಹಳ ಮಂದಿ ಮುಂದಿನ ತಾರೀಕಿಗೆ ಕಾದು ಕಾದು ಕಳೆದುಹೋಗುತ್ತಿದ್ದರು. ಮೂರನೇ ಹಂತ ಆಗದೆ ಪದಾಧಿಕಾರಿ ಆಗುವಂತಿಲ್ಲ. 2020ರಿಂದ ಮೂರನ್ನೂ ಒಂದೇ ವಿಧಿಯಾಗಿ ಸೇರಿಸಿ, ಹೆಂಡತಿ ಮಕ್ಕಳು ಕೂತು ನೋಡುವಂತೆ ತೆರೆದಿದ್ದಾರೆ. ಬಲಿಪೂಜೆ ಮುಗಿದ ಮೇಲೆ ಚರ್ಚಿನಲ್ಲೇ ಮಾಡಬಹುದು. ಗುಟ್ಟು ಅನ್ನುವ ಮಾತಿಗೆ ಈಗ ಅರ್ಥವೇ ಉಳಿದಿಲ್ಲ.

7. ಪುಟದ ಮಗ್ಗುಲು

ಒಳ್ಳೆಯದನ್ನು ಮಾತ್ರ ಬರೆದರೆ ಚರ್ಚೆ ಅರ್ಧವಾಗುತ್ತದೆ. ಸದಸ್ಯತ್ವಕ್ಕೆ ಮತ ಹಾಕುವ ಪದ್ಧತಿ ಇತ್ತು: ಡಬ್ಬದಲ್ಲಿ ಐದು ಕರಿ ಗೋಲಿ ಬಿದ್ದರೆ ಅರ್ಜಿ ತಿರಸ್ಕೃತ. ಲಿಖಿತ ನಿಯಮದಲ್ಲಿ ವರ್ಣಭೇದ ಇಲ್ಲದಿದ್ದರೂ ಐದೇ ಜನ ಒಗ್ಗೂಡಿದರೆ ಕಪ್ಪು ಕ್ಯಾಥೊಲಿಕನನ್ನು ಹೊರಗಿಡಬಹುದಿತ್ತು, ಇಟ್ಟರೂ ಇಟ್ಟರು. ಕಪ್ಪು ಕ್ಯಾಥೊಲಿಕರಿಗಾಗಿ 1909ರಲ್ಲಿ ಅಲಬಾಮಾದ ಮೊಬೈಲ್ ನಗರದಲ್ಲಿ ನೈಟ್ಸ್ ಆಫ್ ಪೀಟರ್ ಕ್ಲೇವರ್ ಎಂಬ ಬೇರೆಯೇ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

1963ರಲ್ಲಿ ನೋಟರ್‌ಡಾಮ್ ವಿಶ್ವವಿದ್ಯಾಲಯದ ಪದವೀಧರನಾದ ಕಪ್ಪು ಅಭ್ಯರ್ಥಿಯೊಬ್ಬನನ್ನು ಒಂದು ಕೌನ್ಸಿಲ್ ತಿರಸ್ಕರಿಸಿದಾಗ ಅದರ ಆರು ಪದಾಧಿಕಾರಿಗಳು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. 1964ರ ಮಹಾಸಭೆ ನ್ಯೂ ಆರ್ಲಿಯನ್ಸ್‌ನ ಹೋಟೆಲಿನಲ್ಲಿ. ಅಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ ಎಂದು ತಿಳಿದ ಸುಪ್ರೀಂ ನೈಟ್ ಜಾನ್ ಮೆಕ್‌ಡೆವಿಟ್, ಸಭೆಯನ್ನೇ ಬೇರೆಡೆಗೆ ಒಯ್ಯುತ್ತೇವೆ ಅಂದರು. ಹೋಟೆಲ್ ನಿಯಮ ಬದಲಿಸಿತು. ಅದೇ ಸಭೆಯಲ್ಲಿ ಐದು ಗೋಲಿಯ ನಿಯಮ ಹೋಗಿ, ಮತ ಹಾಕಿದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ವಿರೋಧಿಸಿದರೆ ಮಾತ್ರ ತಿರಸ್ಕಾರ ಎಂದಾಯಿತು. ಯಾವ ಸಂಘವೇ ಆಗಲಿ, ‘ಎಲ್ಲರಿಗೂ ಪ್ರವೇಶ’ ಎಂದು ಬರೆದುಕೊಂಡು ವೀಟೊವನ್ನು ನಾಲ್ಕೈದು ಜನರ ಕೈಗೆ ಕೊಟ್ಟರೆ ಹೀಗೇ ಆಗುವುದು.

ಇನ್ನೊಂದು ಮಗ್ಗುಲೂ ಇದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಇವರು ನಡೆಸಿದ ವಿಶ್ರಾಂತಿ ಬಿಡಾರಗಳ ಫಲಕದಲ್ಲಿ ಇದ್ದದ್ದು ‘ಎಲ್ಲರಿಗೂ ಸ್ವಾಗತ, ಎಲ್ಲವೂ ಉಚಿತ’ ಎಂಬರ್ಥದ ಮಾತು. ಒರೆಗಾನ್ ರಾಜ್ಯ 1922ರಲ್ಲಿ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಕಾನೂನು ತಂದಾಗ ಅದರ ವಿರುದ್ಧದ ಮೊಕದ್ದಮೆಗೆ ಹಣದ ನೆರವು ಕೊಟ್ಟರು. 1925ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು.

8. ಒಂಟಾರಿಯೊ ಕಡತಗಾರ

ನಾಲ್ಕನೇ ಪ್ರಶ್ನೆ, ಕೌನ್ಸಿಲ್ ಹೇಗೆ ನಡೆಯುತ್ತದೆ. ಕೆನಡಾದಲ್ಲಿ ಮೊದಲ ಕೌನ್ಸಿಲ್ ಶುರುವಾದದ್ದು 1897ರಲ್ಲಿ, ಮಾಂಟ್ರಿಯಲ್ ಕೌನ್ಸಿಲ್ ಸಂಖ್ಯೆ 284. ಫಿಲಿಪೀನ್ಸ್‌ನಲ್ಲಿ 1905ರಲ್ಲಿ, ಮನಿಲಾ ಕೌನ್ಸಿಲ್ ಸಂಖ್ಯೆ 1000. ಎಲ್ಲೆಡೆ ಚೌಕಟ್ಟು ಒಂದೇ. ವರ್ಷ ಜುಲೈ 1ರಿಂದ ಜೂನ್ 30.

ಮುಖ್ಯಸ್ಥ ಗ್ರ್ಯಾಂಡ್ ನೈಟ್. ಪ್ರತಿ ವರ್ಷ ಚುನಾವಣೆ. ಕೆಳಗೆ ಡೆಪ್ಯುಟಿ, ಚಾನ್ಸಲರ್, ರೆಕಾರ್ಡರ್, ಟ್ರೆಜರರ್, ಅಡ್ವೊಕೇಟ್, ವಾರ್ಡನ್, ಒಳ-ಹೊರ ಕಾವಲಿನವರು, ಮೂವರು ಟ್ರಸ್ಟಿಗಳು. ಲೆಕ್ಚರರ್‌ನನ್ನು ಗ್ರ್ಯಾಂಡ್ ನೈಟ್ ನೇಮಿಸುತ್ತಾನೆ. ಫೈನಾನ್ಶಿಯಲ್ ಸೆಕ್ರೆಟರಿಯನ್ನು ಮಾತ್ರ ಸದಸ್ಯರು ಆರಿಸುವಂತಿಲ್ಲ, ಅವನ ನೇಮಕ ಸುಪ್ರೀಂ ನೈಟ್‌ನಿಂದ. ಕಾರಣ ಸರಳ: ಪುಸ್ತಕ ಹಿಡಿಯುವವನು ಪ್ರತಿ ವರ್ಷದ ಚುನಾವಣೆಯ ಗಾಳಿಗೆ ಬದಲಾಗಬಾರದು.

ಹಣದ ದಾರಿ ಗಮನಿಸಿ. ಯಾವ ಮೂಲದಿಂದ ಬಂದ ಹಣವೂ ಮೊದಲು ಫೈನಾನ್ಶಿಯಲ್ ಸೆಕ್ರೆಟರಿ ಕೈಗೆ. ಅವನು ಬರೆದುಕೊಂಡು ಟ್ರೆಜರರ್‌ಗೆ ಕೊಟ್ಟು ರಸೀದಿ ಪಡೆಯುತ್ತಾನೆ. ಟ್ರೆಜರರ್ ಬ್ಯಾಂಕಿಗೆ ಕಟ್ಟುತ್ತಾನೆ. ಖರ್ಚಿಗೆ ಗ್ರ್ಯಾಂಡ್ ನೈಟ್ ಮತ್ತು ಫೈನಾನ್ಶಿಯಲ್ ಸೆಕ್ರೆಟರಿ ಇಬ್ಬರ ಸಹಿಯ ಆದೇಶ ಬೇಕು. ಚೆಕ್ಕಿಗೆ ಟ್ರೆಜರರ್ ಮತ್ತು ಗ್ರ್ಯಾಂಡ್ ನೈಟ್ ಸಹಿ. ಮೂವರಲ್ಲಿ ಯಾರೊಬ್ಬನೂ ಒಂಟಿಯಾಗಿ ಹಣ ತರಿಸಿ, ಬರೆದು, ಖರ್ಚು ಮಾಡಲಾರ. ಜೂನ್ 30 ಮತ್ತು ಡಿಸೆಂಬರ್ 31ಕ್ಕೆ ಟ್ರಸ್ಟಿಗಳ ಲೆಕ್ಕತಪಾಸಣೆ, ಫಾರ್ಮ್ ಸಂಖ್ಯೆ 1295. ಕಳಿಸಬೇಕಾದ ಕೊನೆಯ ದಿನ ಆಗಸ್ಟ್ 15 ಮತ್ತು ಫೆಬ್ರವರಿ 15.

ಕೆಡುವುದು ಎಲ್ಲಿ? ಮೂರು ಕಡೆ. ‘ಒಳ್ಳೆಯ ಮನುಷ್ಯ, ನಂಬಿಗಸ್ಥ’ ಎಂದು ಒಬ್ಬನಿಗೇ ಲೆಕ್ಕ ಬರೆಯುವ, ಹಣ ಇಡುವ ಎರಡೂ ಕೆಲಸ ಒಪ್ಪಿಸಿಬಿಡುವುದು. ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿಡುವುದು. ಟ್ರಸ್ಟಿಗಳು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸದೆ, ಪುಸ್ತಕದ ಕೊನೆಯ ಮೊತ್ತ ನೋಡಿ ಸಹಿ ಹಾಕುವುದು. ತಪಾಸಣೆ ಅಂದರೆ ಸ್ಟೇಟ್‌ಮೆಂಟಿನ ಒಂದೊಂದು ಸಾಲನ್ನು ರಸೀದಿ ಜೊತೆ ಹೊಂದಿಸುವುದು. ಸಂದೇಹ ಪಡುವುದು ಅವಮಾನ ಅಲ್ಲ, ಅದು ಆ ಹುದ್ದೆಯ ಕೆಲಸ.

ಇನ್ನೊಂದು ಮೌನದ ಸೋರಿಕೆ: ಸದಸ್ಯರ ಪಟ್ಟಿ. ಸುಪ್ರೀಂ ಕೌನ್ಸಿಲ್‌ಗೆ, ಅಂದರೆ ಕೇಂದ್ರ ಸಂಘಕ್ಕೆ, ತಲಾವಾರು ಹಣ ಕಟ್ಟುವುದು ಜನವರಿ 1 ಮತ್ತು ಜುಲೈ 1ಕ್ಕೆ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎಂಬುದರ ಮೇಲೆ. ಊರು ಬಿಟ್ಟವರು, ತೀರಿಕೊಂಡವರು, ವರ್ಷಗಟ್ಟಲೆ ವಂತಿಗೆ ಕಟ್ಟದವರು ಪಟ್ಟಿಯಲ್ಲೇ ಇದ್ದರೆ ಅವರ ಪಾಲನ್ನು ಕಟ್ಟುವವರ ದುಡ್ಡಿನಿಂದ ಭರಿಸಬೇಕು. ಹಾಗೆಂದು ಒಂದೇ ಏಟಿಗೆ ಹೆಸರು ಹೊಡೆಯುವಂತಿಲ್ಲ. ಎರಡು ನೋಟಿಸು, ಗ್ರ್ಯಾಂಡ್ ನೈಟ್‌ನ ಪತ್ರ, ಮುಖತಃ ಭೇಟಿ, ಆಮೇಲೆ ಫಾರ್ಮ್ 1845. ಭೇಟಿಯನ್ನು ಬಿಟ್ಟು ಬರೀ ಕಾಗದ ಕಳಿಸುವ ಕೌನ್ಸಿಲ್ ಕೆಲಸ ಕಳೆದುಕೊಂಡವನನ್ನೂ ಹಾಸಿಗೆ ಹಿಡಿದವನನ್ನೂ ಹೊರಹಾಕಿಬಿಡುತ್ತದೆ. ಅಂಥವರನ್ನು ಹುಡುಕಿ ಹಿಡಿಯಲೆಂದೇ ಸಂಘ ಹುಟ್ಟಿದ್ದು.

ವಾರ್ಷಿಕ ಚಟುವಟಿಕೆ ವರದಿ ಫಾರ್ಮ್ 1728, ಜನವರಿ 31ರೊಳಗೆ. ಅದರಲ್ಲಿ ಸೇವೆಯ ಗಂಟೆಗಳನ್ನು ಕೇಳುತ್ತಾರೆ. ಡಿಸೆಂಬರಿನಲ್ಲಿ ಕೂತು ಅಂದಾಜಿಗೆ ಬರೆಯುವುದು ತಪ್ಪು ಪದ್ಧತಿ. ಪ್ರತಿ ಕಾರ್ಯಕ್ರಮದ ಬಾಗಿಲಲ್ಲಿ ಒಂದು ಹಾಳೆ: ತಾರೀಕು, ಹೆಸರು, ಬಂದ ಹೊತ್ತು, ಹೋದ ಹೊತ್ತು. ಅಷ್ಟೇ ಸಾಕು.

9. ಲೆಕ್ಕದ ಕಡತ

ಕೇಂದ್ರ ಸಂಘದಿಂದ ಕೌನ್ಸಿಲ್‌ಗೆ ಹಣ ಮರಳಿ ಬರುವ ಯೋಜನೆಗಳೂ ಇವೆ, ಅರ್ಜಿ ಹಾಕಲು ಮರೆತು ಕಳೆದುಕೊಳ್ಳುವವರೇ ಹೆಚ್ಚು. ಆಹಾರ ದಾನದ ಯೋಜನೆಯಲ್ಲಿ ಪ್ರತಿ 500 ಡಾಲರ್ ಅಥವಾ 1,000 ಪೌಂಡ್ ಆಹಾರಕ್ಕೆ 100 ಡಾಲರ್ ವಾಪಸು, ವರ್ಷಕ್ಕೆ ಹೆಚ್ಚೆಂದರೆ 500. ಗುರುಮಠದ ವಿದ್ಯಾರ್ಥಿಗೆ ಕೊಟ್ಟ ಪ್ರತಿ 500ಕ್ಕೆ 100 ವಾಪಸು, ಒಬ್ಬ ವಿದ್ಯಾರ್ಥಿಗೆ 400ರವರೆಗೆ. ಚೆಕ್ಕಿನ ಪ್ರತಿ, ಪಡೆದವರ ರಸೀದಿ ಇಟ್ಟುಕೊಳ್ಳಿ.

ಅಮೆರಿಕದಲ್ಲಿರುವವರಿಗೆ ಎಚ್ಚರಿಕೆ: ಕೌನ್ಸಿಲ್‌ಗಳ ತೆರಿಗೆ ವರ್ಗ 501(ಸಿ)(8), ಅಂದರೆ ಭ್ರಾತೃ ನೆರವಿನ ಸಂಘ. ಸದಸ್ಯತ್ವದ ವಂತಿಗೆಗೆ ತೆರಿಗೆ ವಿನಾಯಿತಿ ಇಲ್ಲ. ದಾನಕ್ಕೆ ವಿನಾಯಿತಿ ಬೇಕಾದರೆ ಆ ಹಣ ಸಂಪೂರ್ಣವಾಗಿ ಧರ್ಮಾರ್ಥ ಕೆಲಸಕ್ಕೇ ಹೋಗಬೇಕು. ‘ಎಲ್ಲ ದಾನಕ್ಕೂ ವಿನಾಯಿತಿ ಇದೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ.

10. ಬಾಣಲೆ ಬದಿ

ಕಾಗದ-ಪತ್ರದ ಮಾತೇ ಆಯಿತು, ಒಡನಾಟ ಎಲ್ಲಿ ಕಾಣುತ್ತದೆ ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರದ ಮೀನೂಟದಲ್ಲಿ. ಅಂದು ಮಾಂಸ ವರ್ಜ್ಯ, ಹಾಗಾಗಿ ಚರ್ಚಿನ ಹಾಲಿನಲ್ಲಿ ಕರಿದ ಮೀನು, ಆಲೂಗಡ್ಡೆ, ಎಲೆಕೋಸಿನ ಕೋಸಂಬರಿಯಂಥ ಸಲಾಡ್. ಅಮೆರಿಕ-ಕೆನಡಾದ ಎಷ್ಟೋ ಕೌನ್ಸಿಲ್‌ಗಳಿಗೆ ವರ್ಷದ ದೊಡ್ಡ ಆದಾಯ ಇದೇ.

200 ತಟ್ಟೆಗೆ ತಲಾ 8 ಔನ್ಸ್ ಲೆಕ್ಕದಲ್ಲಿ 100 ಪೌಂಡ್, ಸುಮಾರು 45 ಕಿಲೊ ಮುಳ್ಳು ತೆಗೆದ ಕಾಡ್ ಅಥವಾ ಪೊಲಾಕ್ ಮೀನು. ಹೆಪ್ಪುಗಟ್ಟಿದ ಮೀನನ್ನು ಹಿಂದಿನ ದಿನವೇ ಫ್ರಿಜ್ಜಿನೊಳಗೆ ಕರಗಿಸಿಡಬೇಕು, ಹೊರಗಿಟ್ಟು ಕರಗಿಸಬಾರದು. ಕರಗಿದ ಮೇಲೆ ಬಟ್ಟೆಯಿಂದ ನೀರು ಒರೆಸಿ. ನೀರು ಉಳಿದರೆ ಹಿಟ್ಟು ಕಳಚುತ್ತದೆ, ಎಣ್ಣೆ ಸಿಡಿಯುತ್ತದೆ. ಎಣ್ಣೆ 175ರಿಂದ 190 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. ಸಾಲು ಉದ್ದವಾಯಿತೆಂದು ಒಂದೇ ಸಲ ಬುಟ್ಟಿ ತುಂಬಿದರೆ ಎಣ್ಣೆ ತಣ್ಣಗಾಗಿ ಮೀನು ಎಣ್ಣೆ ಕುಡಿಯುತ್ತದೆ, ಮೆತ್ತಗಾಗುತ್ತದೆ. ಬುಟ್ಟಿ ಅರ್ಧ ತುಂಬಿಸಿ, ನಡುವೆ ಎಣ್ಣೆ ಮತ್ತೆ ಕಾಯಲು ಬಿಡಿ. ಕರಿದದ್ದನ್ನು ಮುಚ್ಚಿಡಬೇಡಿ, ಹಬೆಗೆ ಗರಿತನ ಹೋಗುತ್ತದೆ. ಜಾಲರಿ ತಟ್ಟೆ ಮೇಲೆ ಇಡಿ.

ಗ್ಯಾಸ್ ಬರ್ನರ್ ಹೊರಗೆ, ಗೋಡೆಯಿಂದ ದೂರ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಅಡುಗೆ ಎಣ್ಣೆಗೆಂದೇ ಇರುವ ಕೆ ವರ್ಗದ ನಂದಕ ಪಕ್ಕದಲ್ಲಿರಲಿ. ಹಣದ ಮೇಜಿಗೆ ಇಬ್ಬರು. ರಾತ್ರಿ ಎಣಿಸುವಾಗಲೂ ಇಬ್ಬರು, ಇಬ್ಬರದೂ ಸಹಿ. ಮೀನು ಬಡಿಸುವ ಕಡೆ ಹೊಸ ಸದಸ್ಯನನ್ನು ಹಳೆಯವನ ಪಕ್ಕ ನಿಲ್ಲಿಸಿ. ಮೂರು ಗಂಟೆ ಪಕ್ಕಪಕ್ಕ ನಿಂತು ಕೆಲಸ ಮಾಡಿದವರು ಮುಂದಿನ ಸಭೆಗೆ ಕರೆಯದೆಯೇ ಬರುತ್ತಾರೆ.

11. ಬಜ್ಪೆ ಬೆಳಗು

ಇದನ್ನೆಲ್ಲ ಓದಿದ ಮೇಲೆ ಕೇಳಲೇಬೇಕು. ನಮ್ಮ ಧರ್ಮಕೇಂದ್ರದಲ್ಲಿ 300 ಮನೆ ಸೇರಿ ಸಾವಿಗೆ ತಲಾ ಇಷ್ಟು ಎಂದು ಕೂಡಿಸಿ ಕೊಡುವ ವ್ಯವಸ್ಥೆ ಮಾಡಬಹುದೇ?

12. ಲೆಕ್ಕದ ಕಡತ

ಸ್ವಇಚ್ಛೆಯ ನೆರವಾಗಿ ಮಾಡಬಹುದು, ವಿಮೆಯಾಗಿ ಮಾಡಲಾಗದು. ಇಂತಿಷ್ಟು ಕಟ್ಟಿದರೆ ಸಾವಿಗೆ ಇಂತಿಷ್ಟು ಕೊಟ್ಟೇ ಕೊಡುತ್ತೇವೆ ಎಂದು ಬರೆದುಕೊಟ್ಟರೆ ಅದು ವಿಮಾ ವ್ಯವಹಾರ. 1938ರ ವಿಮಾ ಕಾಯ್ದೆಯಡಿ ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಹಾಗಾಗಿ ಬೈಲಾದಲ್ಲಿ ‘ನೆರವು ನಿಧಿ’, ‘ಸಮಿತಿಯ ವಿವೇಚನೆಯಂತೆ’ ಎಂಬ ಮಾತು ಇರಬೇಕು, ಮತ್ತು ನಡವಳಿಕೆಯೂ ಹಾಗೆಯೇ ಇರಬೇಕು. ಶುರು ಮಾಡುವ ಮೊದಲು ವಕೀಲರಿಗೂ ಲೆಕ್ಕಪರಿಶೋಧಕರಿಗೂ ಬೈಲಾ ತೋರಿಸಿ. ಖಚಿತ ಮೊತ್ತವೇ ಬೇಕಾದರೆ ನೋಂದಾಯಿತ ಕಂಪನಿಯಿಂದ ಗುಂಪು ವಿಮೆ ಕೊಳ್ಳುವುದು ಸರಿಯಾದ ದಾರಿ. ಮೇಲೆ 4ನೇ ಬರಹದಲ್ಲಿ ಹೇಳಿದ ವಯಸ್ಸಿನ ಸುಳಿ 300 ಮನೆಗಳ ಗುಂಪಿನಲ್ಲಿ ಇನ್ನೂ ಬೇಗ ಬರುತ್ತದೆ.

ಇದೇ ತುಡಿತ ಮಂಗಳೂರಿನಲ್ಲಿ ಬೇರೆ ರೂಪ ಪಡೆದದ್ದೂ ಉಂಟು. 1912ರಲ್ಲಿ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರ ಮುಂದಾಳತ್ವದಲ್ಲಿ ಕ್ಯಾಥೊಲಿಕ್ ಸಮುದಾಯದವರು ಕಟ್ಟಿದ ಸಂಸ್ಥೆಯೇ ಇಂದಿನ ಎಂಸಿಸಿ ಬ್ಯಾಂಕ್. ಮಂಗಳೂರಿನವರು ಉಳಿತಾಯ-ಸಾಲದ ದಾರಿ ಹಿಡಿದರು, ನೈಟ್ಸ್ ಮರಣ ವಿಮೆಯ ದಾರಿ.

13. ಸೇಂಟ್ ಮೇರಿ ಗಂಟೆ

ಬಡವರ ಮನೆ ಭೇಟಿಯೇ ಉದ್ದೇಶವಾದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದ್ದೇ ಇದೆ. 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಒಜಾನಮ್ ಎಂಬ 20ರ ವಿದ್ಯಾರ್ಥಿ ಮತ್ತು ಸಂಗಡಿಗರು ಶುರು ಮಾಡಿದ್ದು. ಅದೂ ಮೊದಲಿಗೆ ಗಂಡಸರದ್ದೇ ಸಂಘ. ಅಲ್ಲಿ ಹಣ ಹೊರಗಿನ ಬಡವರಿಗೆ ಹೋಗುತ್ತದೆ, ನೈಟ್ಸ್‌ನಲ್ಲಿ ಮೂಲತಃ ಸದಸ್ಯನ ಕುಟುಂಬಕ್ಕೆ. ಎರಡನ್ನೂ ಒಂದೇ ಎಂದು ಕಲಸಬಾರದು.

ಮೆಕ್‌ಗಿವ್ನಿ ಅವರ ವಿಷಯ ಪೂರ್ಣ ಮಾಡುತ್ತೇನೆ: ಅವರ ಅವಶೇಷಗಳನ್ನು 1982ರಲ್ಲಿ ವಾಟರ್‌ಬರಿಯಿಂದ ಸೇಂಟ್ ಮೇರಿ ಚರ್ಚಿಗೆ ತಂದರು. 2008ರಲ್ಲಿ ಪೂಜ್ಯ ಎಂದು ಘೋಷಣೆ, 2020ರ ಅಕ್ಟೋಬರ್ 31ರಂದು ಹಾರ್ಟ್‌ಫರ್ಡ್ ಪ್ರಧಾನಾಲಯದಲ್ಲಿ ಪುನೀತ ಪದವಿ; ಎರಡೂ ಸಂತ ಪದವಿಗೆ ಮುಂಚಿನ ಹಂತಗಳು. ಹಬ್ಬ ಆಗಸ್ಟ್ 13.

14. ಕುಲಶೇಖರ ಓದುಗ

ಎಲ್ಲರಿಗೂ ಧನ್ಯವಾದ. ಕೊನೆಗೊಂದು: ಅಮೆರಿಕ-ಕೆನಡಾದಲ್ಲಿ ನೆಲೆಸಿರುವ ನಮ್ಮವರು ನೈಟ್ಸ್ ಸೇರಬೇಕಾದರೆ ಏನು ಮಾಡಬೇಕು? ವಂತಿಗೆ ತಪ್ಪಿದರೆ ಪಾಲಿಸಿಯೂ ಹೋಗುತ್ತದೆಯೇ?

15. ಒಂಟಾರಿಯೊ ಕಡತಗಾರ

18 ತುಂಬಿದ, ಚರ್ಚಿನ ಬೋಧನೆಯಂತೆ ಬಾಳುವ ಕ್ಯಾಥೊಲಿಕ್ ಗಂಡಸಾಗಿರಬೇಕು. ನಿಮ್ಮ ಧರ್ಮಕೇಂದ್ರದ ಕೌನ್ಸಿಲ್‌ನಲ್ಲಿ ಫಾರ್ಮ್ 100 ತುಂಬಬಹುದು ಅಥವಾ ಆನ್‌ಲೈನಿನಲ್ಲಿ ಸೇರಿ ಆಮೇಲೆ ಕೌನ್ಸಿಲ್‌ಗೆ ವರ್ಗಾಯಿಸಿಕೊಳ್ಳಬಹುದು. ಸೇರುವ ಮೊದಲೇ ಒಂದು ಕಾರ್ಯಕ್ರಮಕ್ಕೆ ಹೋಗಿ ಕೆಲಸಕ್ಕೆ ಕೈ ಜೋಡಿಸಿ ನೋಡಿ. ಆ ಕೌನ್ಸಿಲ್ ಜೀವಂತ ಇದೆಯೋ ಬರೀ ಕಾಗದದ ಮೇಲಿದೆಯೋ ಒಂದೇ ಸಂಜೆಯಲ್ಲಿ ತಿಳಿಯುತ್ತದೆ.

ಪಾಲಿಸಿಯ ಕಂತು ಬೇರೆ, ಕೌನ್ಸಿಲ್ ವಂತಿಗೆ ಬೇರೆ. ವಂತಿಗೆ ಕಟ್ಟದೆ ಸದಸ್ಯತ್ವ ಅಮಾನತಾದರೂ ಕಂತು ಕಟ್ಟುತ್ತಿರುವ ತನಕ ಪಾಲಿಸಿ ಉಳಿಯುತ್ತದೆ. ಅಂಥವರನ್ನು ನಿಷ್ಕ್ರಿಯ ವಿಮಾ ಸದಸ್ಯ ಎಂದು ಇಡುತ್ತಾರೆ. ಹೆಚ್ಚು ಕಾಡುವುದು ನಾಮಿನಿ ವಿಚಾರ. ಮದುವೆಗೆ ಮುಂಚೆ ತಾಯಿಯ ಹೆಸರು ಹಾಕಿ, ಮದುವೆಯಾದ ಮೇಲೆ ಬದಲಿಸದಿದ್ದರೆ ಹೆಂಡತಿ ಕೈಗೆ ಹಣ ಬರುವುದಿಲ್ಲ. ಬರೆದ ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ. ಊರಿನಲ್ಲಿ ಡಿ’ಸೋಜ, ಅಲ್ಲಿ ಡಿಸೋಜ ಎಂದಾದರೆ ಸಾವಿನ ಮನೆಯಲ್ಲಿ ಅಫಿಡವಿಟ್‌ಗಾಗಿ ಅಲೆಯಬೇಕು. ಮದುವೆ, ಮಗುವಿನ ಜನನ, ತಂದೆತಾಯಿಯ ಮರಣ, ಈ ಮೂರರಲ್ಲಿ ಯಾವುದಾದರೂ ಒಂದು ಆದ ತಿಂಗಳೊಳಗೆ ಫೀಲ್ಡ್ ಏಜೆಂಟನನ್ನು, ಅಂದರೆ ಸಂಘದ ವಿಮಾ ಪ್ರತಿನಿಧಿಯನ್ನು, ಕರೆಸಿ ನಾಮಿನಿ ಫಾರ್ಮ್ ಹೊಸದಾಗಿ ತುಂಬಿ, ಸ್ವೀಕೃತಿಯ ಪ್ರತಿಯನ್ನು ಹೆಂಡತಿಯ ಕೈಗೇ ಕೊಡಿ.